ಪಂದ್ಯದ ದಿನದ ಹೋಳಿಗೆ

೧೯೭೩ರಲ್ಲಿ ನಾನು ಕುರ್ಲಾದ ಒಂದು ಯಂತ್ರ ಕಾರ್ಖಾನೆಯಲ್ಲಿ ಡಯಟೀಷಿಯನ್ ಆಗಿದ್ದೆ. ಕ್ಯಾಂಟೀನಿನ ಊಟದ ಪೌಷ್ಟಿಕತೆ ನೋಡಿಕೊಳ್ಳುವುದು ನನ್ನ ಕೆಲಸ. ಫುಟ್‌ಬಾಲ್ ನನ್ನ ಪಾಲಿಗೆ ಬಂದದ್ದು ಮ್ಯಾನೇಜರರ ಸಿಟ್ಟಿನಿಂದ.

ಕಾರ್ಖಾನೆಯ ತಂಡ ಮೊದಲ ಅರ್ಧದಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಎರಡನೆಯ ಅರ್ಧದಲ್ಲಿ ಬಸ್ಸಿಗೆ ಕಾಯುವವರಂತೆ ನಿಂತುಬಿಡುತ್ತಿತ್ತು. ಆ ವರ್ಷ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

"ಮುಂದಿನದ್ದೂ ಸೋತರೆ ಟೀಮ್ ಬಂದ್. ಎಲ್ಲರೂ ಫೌಂಡ್ರಿಗೆ," ಎಂದರು ಮ್ಯಾನೇಜರ್. ಆಟದಿಂದಲೇ ಕೆಲಸ ಸಿಕ್ಕು ಸ್ಟೋರಿನಲ್ಲಿ ಹಗುರವಾದ ಡ್ಯೂಟಿ ಮಾಡುತ್ತಿದ್ದ ಆಟಗಾರರು ಕುಲುಮೆಯ ಹೆಸರು ಕೇಳಿಯೇ ಬೆವರಿದರು.

ಅವರ ಊಟ ಸರಿಪಡಿಸುವ ಕೆಲಸ ನನಗೆ ಬಂತು. ಕ್ಯಾಪ್ಟನ್ ದಸ್ತಗೀರ್ ವಿಜಾಪುರದವನು. ಪಂದ್ಯದ ದಿನ ಏನು ತಿನ್ನುತ್ತೀರಿ ಎಂದು ಅವನನ್ನು ಕೇಳಿದೆ.

"ಮಟನ್ರಿ ಮ್ಯಾಡಮ್, ಮತ್ತ ಅಂಡಾ. ಅನ್ನ, ರೊಟ್ಟಿ ಮುಟ್ಟೂದಿಲ್ಲ. ಅನ್ನ ಉಂಡ್ರ ನಿದ್ದಿ ಬರ್ತದ."

ಅನ್ನ, ಚಪಾತಿ, ಬಟಾಟೆಗಳಲ್ಲಿರುವ ಕಾರ್ಬೋಹೈಡ್ರೇಟ್ ಸ್ನಾಯುಗಳಲ್ಲಿ ಗ್ಲೈಕೋಜನ್ ಆಗಿ ಶೇಖರವಾಗುತ್ತದೆ. ಓಡುವಾಗ ಮುಖ್ಯವಾಗಿ ಉರಿಯುವುದು ಅದೇ ಎಂದು ವಿವರಿಸಿದೆ.

"ಅಂದ್ರ ಇಷ್ಟು ದಿನ ಪೆಟ್ರೋಲ್ ಇಲ್ದ ಗಾಡಿ ತಳ್ಳೀವಿ ಅನ್ರಿ!"

ಎರಡು ದಿನ ಮೊದಲಿನಿಂದ ಅನ್ನ, ಚಪಾತಿ ಹೆಚ್ಚಿಸಬೇಕು. ಪಂದ್ಯದ ದಿನ ಆಟಕ್ಕೆ ಮೂರು ಗಂಟೆ ಮೊದಲು ಮಿತವಾದ ಊಟ, ಆಮೇಲೆ ಏನೂ ಇಲ್ಲ ಎಂದು ಗೊತ್ತುಮಾಡಿದೆ. ಜವಾಬ್ದಾರಿಯನ್ನು ಕ್ಯಾಂಟೀನ್ ನಡೆಸುತ್ತಿದ್ದ ಉಡುಪಿಯ ಶೀನಣ್ಣನಿಗೆ ಒಪ್ಪಿಸಿದೆ.

ಪಂದ್ಯ ವಿಲೆ ಪಾರ್ಲೆಯ ಮೈದಾನದಲ್ಲಿ, ನಾಲ್ಕು ಗಂಟೆಗೆ. ಸ್ವಲ್ಪ ಮುಂಚೆ ನಾನು ಅಲ್ಲಿಗೆ ತಲುಪಿದಾಗ ನಮ್ಮ ತಂಡ ಮರದಡಿ ಅಂಗಾತ ಮಲಗಿತ್ತು. ಗೋಲ್‌ಕೀಪರ್ ಬೂಟಿನ ದಾರ ಕಟ್ಟಲು ಬಗ್ಗಲಾರದೆ ಒದ್ದಾಡುತ್ತಿದ್ದ. ಪಕ್ಕದಲ್ಲಿ ಖಾಲಿ ಕ್ಯಾರಿಯರ್‌ಗಳು, ಅವುಗಳ ನಡುವೆ ನಗುತ್ತ ಕುಳಿತ ಶೀನಣ್ಣ.

"ಊಟ ಒಂದು ಗಂಟೆಗೇ ಆಯ್ತು ಮ್ಯಾಡಮ್, ನೀವು ಹೇಳಿದ ಹಾಗೆಯೇ. ಇದು ಬರೀ ಹೋಳಿಗೆ. ಅದೂ ಕಾರ್ಬೋಹೈಡ್ರೇಟೇ ಅಲ್ವಾ?"

"ಎಷ್ಟು ಕೊಟ್ರಿ?"

"ಬೇಡ ಅನ್ನುವವರೆಗೆ ಹಾಕಿದೆ ಮಾರಾಯ್ರೆ. ಯಾರೂ ಬೇಡ ಅನ್ನಲಿಲ್ಲ!"

ಹನ್ನೊಂದು ಜನರನ್ನು ನನ್ನ ಕೈಯಾರೆ ಫೌಂಡ್ರಿಗೆ ಕಳಿಸಿದ ಹಾಗಾಯಿತು. ಆಗ ಸುದ್ದಿ ಬಂತು: ಎದುರಾಳಿಗಳು ಬರುತ್ತಿದ್ದ ಲೋಕಲ್ ರೈಲು ದಾರಿಯಲ್ಲೇ ನಿಂತಿದೆ. ರೆಫರಿ ಕಾಯಲು ಒಪ್ಪಿದರು. ನಾನು ಎಲ್ಲರನ್ನೂ ಎಬ್ಬಿಸಿ ಮೈದಾನದ ಸುತ್ತ ನಡೆಸಿದೆ. ತೇಗುಗಳ ಆ ಮೆರವಣಿಗೆಯ ಹಿಂದೆ ಶೀನಣ್ಣ ನೀರಿನ ಕೊಡ ಹಿಡಿದು ನಡೆದ.

ಆಟ ಶುರುವಾದದ್ದು ಐದೂವರೆಗೆ. ಅಷ್ಟರಲ್ಲಿ ಹೊಟ್ಟೆ ಹಗುರಾಗಿತ್ತು. ಗಾಡಿಯಲ್ಲಿ ನಿಂತೇ ಬಂದ ಎದುರಾಳಿಗಳು ಕೊನೆಯ ಹತ್ತು ನಿಮಿಷಕ್ಕೆ ಸೋತು ಸುಣ್ಣವಾದರು. ನಮ್ಮವರು ಇನ್ನೂ ಓಡುತ್ತಿದ್ದರು. ದಸ್ತಗೀರ್ ಹೊಡೆದ ಒಂದೇ ಗೋಲಿನಿಂದ ಗೆದ್ದೆವು. ತಂಡ ಉಳಿಯಿತು.

ಸೋತ ತಂಡದ ಕ್ಯಾಪ್ಟನ್ ನೇರವಾಗಿ ಶೀನಣ್ಣನ ಬಳಿ ಬಂದು, "ಇವರಿಗೆ ಏನು ತಿನ್ನಿಸಿದಿರಿ?" ಎಂದು ಕೇಳಿದ. ಶೀನಣ್ಣನಿಗೆ ಪಕ್ಷಭೇದವೇ ತಿಳಿಯದು. ಮುಂದಿನ ತಿಂಗಳ ಮರುಪಂದ್ಯದ ಹೊತ್ತಿಗೆ ನಾನು ರಜೆಯಲ್ಲಿದ್ದೆ. ಅವನು ಎರಡೂ ತಂಡಗಳಿಗೆ ಹೋಳಿಗೆ ಹೊತ್ತೊಯ್ದ. ಲೋಕಲ್‌ಗಳು ಅಂದು ಸಮಯಕ್ಕೆ ಸರಿಯಾಗಿ ಓಡಿದವು. ಪಂದ್ಯ ಸೊನ್ನೆ–ಸೊನ್ನೆ; ಇಡೀ ಆಟದಲ್ಲಿ ಬೆವರಿದವರು ರೆಫರಿ ಒಬ್ಬರೇ ಎಂದು ದಸ್ತಗೀರ್ ವರದಿ ಕೊಟ್ಟ.

ಆಮೇಲೆ ನಾನು ಆಸ್ಪತ್ರೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಪಥ್ಯ ಹೇಳುವಾಗ ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎಂಬುದು ಆಮೇಲಿನ ಮಾತು. ಮನೆಯಲ್ಲಿ ಬಡಿಸುವವರು ಯಾರು ಎಂದು ಕೇಳಿ, ಮೊದಲು ಅವರನ್ನು ಕರೆಸುತ್ತಿದ್ದೆ.