ಇಂದು ಇಡ್ಲಿ ಇಲ್ಲ

ಅವರ ಕನ್ನಡಕದ ಎಡಗಾಜಿನ ಮೇಲೆ ಒಣಗಿದ ಇಡ್ಲಿ ಹಿಟ್ಟಿನ ಒಂದು ಚುಕ್ಕೆ ಯಾವಾಗಲೂ ಇರುತ್ತಿತ್ತು. ಒರೆಸಿಕೊಳ್ಳಿ ಅಂದರೆ, "ಇರ್ಲಿ ಬಿಡಿ, ಮಧ್ಯಾಹ್ನದೊಳಗೆ ಮತ್ತೊಂದು ಬೀಳ್ತದೆ" ಅನ್ನುತ್ತಿದ್ದರು.

ಮರಾಠಿ ಸೀಮೆಯ ನಮ್ಮೂರಿನ ವಿಮಾನ ನಗರ ಬಡಾವಣೆಯಲ್ಲಿ ಅವರದೊಂದು ಪುಟ್ಟ ಹೋಟೆಲು. ಕುಂದಾಪುರದ ಕಡೆಯವರು. ಅಡುಗೆಯವರು ಕರೆಯುವಂತೆ ನಾವೂ ಧಣಿ ಎಂದೇ ಕರೆಯುತ್ತಿದ್ದೆವು. ನಮ್ಮ ಕ್ಯಾಮೆರಾ ಕ್ಲಬ್ಬಿನ ಹನ್ನೊಂದು ಮಂದಿ ಪ್ರತಿ ಭಾನುವಾರ, ತಿಂಡಿಯ ಗದ್ದಲ ಮುಗಿದ ಮೇಲೆ, ಅಲ್ಲಿ ಹಿಂಬದಿಯ ಮೇಜು ಹಿಡಿದು ಕೂರುತ್ತಿದ್ದೆವು. ಧಣಿ ಕಾಫಿ ತಂದಿಟ್ಟು, ನಮ್ಮ ಫೋಟೊಗಳ ಮೇಲೆ ಬಗ್ಗಿ, "ಚಂದ ಉಂಟು. ಆದ್ರೆ ಇದ್ರಲ್ಲಿ ಜನ ಎಲ್ಲಿ?" ಎಂದು ಕೇಳಿ ಹೋಗಿಬಿಡುವರು. ಎರಡು ತಿಂಗಳ ಸಂಬಳ ಸುರಿದು ಲೆನ್ಸು ಕೊಂಡಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರದೋ, ಗಲ್ಲಾದ ಹಿಂದಿನ ಮೊಳೆಗೆ ನೇತುಹಾಕಿದ ಹಳೆಯ ರೀಲ್ ಕ್ಯಾಮೆರಾ!

ನಾನು ಕಾರ್ಯದರ್ಶಿಯಾದ ಹೊಸತರಲ್ಲಿ ಕೊಂಕಣದ ಒಂದು ಹಳ್ಳಿಗೆ ಪ್ರವಾಸ ಹಾಕಿದೆ. "ಕಡಲ ಸೂರ್ಯೋದಯ" ಎಂದು ದಪ್ಪ ಅಕ್ಷರದಲ್ಲಿ ಬರೆದು ಗುಂಪಿಗೆ ಕಳಿಸಿದೆ. ಮೊದಲು ಹೆಸರು ಕೊಟ್ಟವರು ಧಣಿ. "ಮೂವತ್ತು ವರ್ಷದಿಂದ ನಾನು ಬೆಳಗು ನೋಡ್ಲಿಲ್ಲ ಸೆಕ್ರೆಟ್ರಿಗಳೇ. ನೋಡಿದ್ದು ಇಡ್ಲಿ ಹಬೆ ಮಾತ್ರ. ಒಂದು ಸಲ ಕಡಲಿನ ಬೆಳಗು ನೋಡ್ಬೇಕು." ಯಾರೋ ಒಬ್ಬರು, ಅಷ್ಟು ಬೇಗ ಏಳೋಕಾಗಲ್ಲ, ಸಂಜೆಗೆ ಇಟ್ಕೊಳ್ಳೋಣ ಅಂದದ್ದೇ ತಡ, ಧಣಿ ಮೇಜು ಗುದ್ದಿದರು. "ಬೆಳಿಗ್ಗೆಯೇ! ಇಲ್ಲದಿದ್ರೆ ಕಾಫಿ ಬಂದ್!"

ಹೊರಡುವ ಶನಿವಾರ ಅವರು ಸ್ಲೇಟಿನ ಮೇಲೆ 'ಇಂದು ಇಡ್ಲಿ ಇಲ್ಲ' ಎಂದು ಕನ್ನಡದಲ್ಲಿ, ಮರಾಠಿಯಲ್ಲಿ ಬರೆದು, ಭಾನುವಾರ ಬಾಗಿಲಿಗೆ ತೂಗಿಹಾಕಲು ಹೆಂಡತಿಯ ಕೈಗೆ ಕೊಟ್ಟರು. ಇಡ್ಲಿ ಧಣಿಯ ಕೈಯದೇ ಆಗಬೇಕು; ಉಳಿದಂತೆ ಆ ದಿನದ ಹೋಟೆಲಿನ ಹೊಣೆ ಆಕೆಯದು. ಮಧ್ಯಾಹ್ನ ಹೊರಟ ಗಾಡಿ ಘಾಟಿ ಇಳಿಯುವಷ್ಟರಲ್ಲಿ ಧಣಿ ಆಕೆಗೆ ನಾಲ್ಕು ಸಲ ಫೋನ್ ಮಾಡಿದ್ದರು.

ಮರುದಿನ ಐದೂವರೆಗೆ ನಾವೆಲ್ಲ ಮರಳಿನಲ್ಲಿ ಟ್ರೈಪಾಡ್ ಊರಿ, ಕಡಲಿಗೆ ಕ್ಯಾಮೆರಾ ನೆಟ್ಟು, ಉಸಿರು ಬಿಗಿಹಿಡಿದು ನಿಂತೆವು. ಈಗ ಬಂದ, ಇನ್ನೇನು ಬಂದ! ಹಿಂದೆ ಗಾಳಿಮರಗಳಲ್ಲಿ ಕಾಗೆಗಳು ಕೂಗತೊಡಗಿದವು. ನನ್ನ ಕೈಯ ಮೇಲೆ ಗುಲಾಬಿ ಬಣ್ಣದ ಬೆಳಕು ಬಿತ್ತು. ಎದುರಿಗೆ ಏನೂ ಇಲ್ಲ, ಬೆಳಕು ಎಲ್ಲಿಂದ ಬಂತು ಎಂದು ತಿರುಗಿದರೆ ಸೂರ್ಯ ನಮ್ಮ ಬೆನ್ನ ಹಿಂದೆ, ಗುಡ್ಡದ ಮೇಲಿಂದ ಏಳುತ್ತಿದ್ದ.

ಪಶ್ಚಿಮದ ಕಡಲು! ಹನ್ನೊಂದರಲ್ಲಿ ಆರು ಜನ ಇಂಜಿನಿಯರುಗಳು. ಒಬ್ಬರಿಗೂ ದಿಕ್ಕು ಹೊಳೆದಿರಲಿಲ್ಲ. ಮೈಸೂರಿನಲ್ಲಿ ಬೆಳೆದ ನನ್ನಂಥ ಕಾರ್ಯದರ್ಶಿಗಂತೂ ಮರಳಿನಲ್ಲಿ ಹೂತುಹೋಗೋಣ ಅನ್ನಿಸಿತು. ಎಲ್ಲರೂ ನನ್ನತ್ತ ತಿರುಗಿದರು.

ಅಷ್ಟರಲ್ಲಿ ಧಣಿಯ ಕೂಗು ಕೇಳಿತು. "ಸ್ಟ್ಯಾಂಡ್ ಬಿಟ್ಟು ಓಡಿ ಬನ್ನಿ ಮಾರಾಯ್ರೆ! ದೋಣಿ ಬಂತು!"

ಪಂಚೆ ಎತ್ತಿ ಕಟ್ಟಿ ಅವರು ಆಗಲೇ ಮೊಣಕಾಲುದ್ದ ನೀರಿನಲ್ಲಿದ್ದರು. ರಾತ್ರಿ ಮೀನಿಗೆ ಹೋದ ದೋಣಿಗಳು ದಡಕ್ಕೆ ಮುಖಮಾಡಿ ಬರುತ್ತಿದ್ದವು. ಗುಡ್ಡ ದಾಟಿದ ಬಿಸಿಲು ನೇರವಾಗಿ ಆ ಜನರ ಮುಖಗಳಿಗೇ ಬಿತ್ತು. ಉಪ್ಪುಗಟ್ಟಿದ ಗಡ್ಡ, ನಿದ್ದೆಗೆಟ್ಟ ಕಣ್ಣು, ಬಲೆಯೊಳಗೆ ಹಾರುವ ಬಂಗಡೆ ಮೀನು, ಎಲ್ಲವೂ ಬಂಗಾರದ ಬಣ್ಣ. ನಾವು ಶೂ ಸಮೇತ ನೀರಿಗಿಳಿದು ಹುಚ್ಚರಂತೆ ಫೋಟೊ ತೆಗೆದೆವು. ಅಂಥ ಬೆಳಗನ್ನು ನಾನು ಕಂಡೇ ಇರಲಿಲ್ಲ.

ಧಣಿ ಮಾತ್ರ ಒಂದೂ ಫೋಟೊ ತೆಗೆಯಲಿಲ್ಲ. ದೋಣಿಯ ಹಗ್ಗ ಎಳೆಯಲು ಕೈಕೊಟ್ಟು, ಇಳಿದವರ ಮುಖವನ್ನು ಒಬ್ಬೊಬ್ಬರದಾಗಿ ನೋಡುತ್ತ ನಿಂತಿದ್ದರು. ಕನ್ನಡಕದ ಚುಕ್ಕೆ ತೆರೆಯ ನೀರಿಗೆ ತೊಳೆದುಹೋಗಿತ್ತು.

"ಧಣಿ, ನಿಮಗೆ ಮೊದಲೇ ಗೊತ್ತಿತ್ತಲ್ವಾ?" ಎಂದೆ.

"ಕಡಲ ಬದಿಯಲ್ಲಿ ಹುಟ್ಟಿದವನಿಗೆ ಗೊತ್ತಿಲ್ವಾ? ಹೇಳಿದ್ರೆ ನೀವು ಸಂಜೆಗೆ ಹಾಕ್ತಿದ್ರಿ." ಕೈಯಲ್ಲಿದ್ದ ಹಗ್ಗವನ್ನು ಮರಳಿನ ಮೇಲಿಟ್ಟು ಹೇಳಿದರು: "ಅಪ್ಪ ದೋಣಿ ಇಳಿಯುವಾಗ ಹೀಗೇ ಬಿಸಿಲು ಬೀಳ್ತಿತ್ತು. ಮನೆಯಲ್ಲಿ ಅವ್ರದ್ದೊಂದು ಫೋಟೊ ಇಲ್ಲ. ಮುಖ ಮರ್ತುಹೋಗ್ತಾ ಇತ್ತು ನಂಗೆ. ಈಗ ಸಿಕ್ಕಿತು."

ಆಮೇಲೆ ನಾನು ತೆಗೆದ ಫೋಟೊಗಳಲ್ಲೆಲ್ಲ ಜನರಿದ್ದಾರೆ. ಅದು ಅವರು ಕೊಟ್ಟದ್ದು. ಆ ಬೆಳಗಿಗಾಗಿ ಅವರಿಗೆ ಎಷ್ಟು ಕೃತಜ್ಞನೆಂದು ಬಾಯಿಬಿಟ್ಟು ಹೇಳಲಿಲ್ಲ ಎಂಬ ಸಂಕಟ ಇನ್ನೂ ಇದೆ. ಹೋದ ಮಳೆಗಾಲದಲ್ಲಿ ಧಣಿ ತೀರಿಕೊಂಡರು.

ಮೊನ್ನೆ ಅದೇ ಮೇಜಿನಲ್ಲಿ ಕೂತು "ಕಡಲ ಸೂರ್ಯೋದಯ" ಎಂದು ಅದೇ ಹಳ್ಳಿಯ ಪ್ರವಾಸಕ್ಕೆ ಮತ್ತೆ ಬರೆದೆ, ಈ ಸಲ ಬೇಕೆಂದೇ. ಕ್ಲಬ್ಬಿಗೆ ಹೊಸದಾಗಿ ಸೇರಿದ ಹುಬ್ಬಳ್ಳಿಯ ಹುಡುಗಿ ಅದನ್ನು ಓದಿ ನಕ್ಕಳು. "ಸರ, ಅಲ್ಲಿ ಸೂರ್ಯ ಕಡಲಾಗ ಮುಳುಗತಾನ್ರಿ, ಹುಟ್ಟೂದಿಲ್ಲ. ಸಂಜಿಗೆ ಹೋಗೂಣಲ್ರಿ?"

ನಾನು ಬಾಯಿ ತೆರೆಯುವ ಮೊದಲೇ ಗಲ್ಲಾದಿಂದ ಧಣಿಯ ಹೆಂಡತಿಯ ದನಿ ಬಂತು. ಈಗ ಇಡ್ಲಿಯೂ ಆಕೆಯ ಕೈಯದೇ.

"ಬೆಳಿಗ್ಗೆಯೇ ಹೋಗುವ ಮಗಾ," ಎಂದರು. ಮೊಳೆಯಿಂದ ಹಳೆಯ ಕ್ಯಾಮೆರಾ ಇಳಿಸಿ ಗಲ್ಲಾದ ಮೇಲಿಟ್ಟು, ಸ್ಲೇಟು ಹುಡುಕತೊಡಗಿದರು. "ನಾನೂ ಬರ್ತೇನೆ."