ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ

ಕರುಣಾ, ನಿನ್ನ ಗಂಟಲಿಗೆ ಯಾವತ್ತೂ ಏನೂ ಆಗಿರಲಿಲ್ಲ. ನೀನು ಹಾಡಬಾರದು ಎಂದು ರಾಮನಗರದ ಡಾಕ್ಟರು ಹೇಳಲಿಲ್ಲ, ನಾನು ಹೇಳಿದೆ. ಸುಳ್ಳು ಎಂದು ಗೊತ್ತಿದ್ದೇ ಹೇಳಿದೆ. ಆಗ ನಿನಗೆ ಎಂಟು ವರ್ಷ.

ಇಷ್ಟನ್ನು ಬರೆದು ಒಂದು ಸಲ ಓದಿಕೊಂಡೆ. ಮೂರು ಸಾಲಿನಲ್ಲಿ ಮುಗಿಯುವ ಮಾತನ್ನು ನಿನಗೆ ತಲೆಗೂದಲು ನರೆಯುವವರೆಗೆ ನುಂಗಿಕೊಂಡು ಕೂತೆನಲ್ಲ — ನಿಜವಾಗಿ ಗಟ್ಟಿ ಗಂಟಲು ನನ್ನದೇ.

ಆ ವರ್ಷದ್ದು ನಿನಗೆ ಅರ್ಧಂಬರ್ಧ ನೆನಪಿರಬಹುದು. ನಮ್ಮ ಚನ್ನಪಟ್ಟಣದ ಚರ್ಚಿನ ಸಭೆಯಲ್ಲಿ ಕ್ರಿಸ್ಮಸ್ ಆರಾಧನೆಗೆ ಮಕ್ಕಳು ಒಬ್ಬೊಬ್ಬರಾಗಿ ಒಂದೊಂದು ಚರಣ ಹಾಡಬೇಕು, ಪಲ್ಲವಿ ಮಾತ್ರ ಎಲ್ಲರೂ ಸೇರಿ. ಮೊದಲ ಚರಣ ಯಾರದು ಎಂದು ಯಾರೂ ಕೇಳಲಿಲ್ಲ. ಹೈಸ್ಕೂಲಿನ ಸಂಗೀತದ ಟೀಚರ ಮಗಳು ಇರುವಾಗ ಕೇಳುವುದೇನು? ಅಭ್ಯಾಸದ ದಿನ ನಾನು ಹಾರ್ಮೋನಿಯಂ ಮುಂದೆ ಕೂತೆ. ನೀನು ಕೈಕಟ್ಟಿ ನಿಂತು ಬಾಯಿಬಿಟ್ಟೆ. ಹಾರ್ಮೋನಿಯಂ ಒಂದು ದಾರಿ, ನೀನು ಇನ್ನೊಂದು ದಾರಿ. "ಮತ್ತೊಂದು ಸಲ" ಅಂದೆ. ಇನ್ನೂ ಕೆಟ್ಟಿತು. ನೋಡಲು ಬಂದಿದ್ದ ಹೆಂಗಸರಲ್ಲಿ ಒಬ್ಬರು — ಒಳ್ಳೆಯವರೇ, ತಮಾಷೆಗೆ ಅಂದದ್ದು — "ಟೀಚರಮ್ಮ, ದೀಪದ ಬುಡ್ದಲ್ಲೇ ಕತ್ಲೆ ಕಣ್ರಮ್ಮ" ಅಂದರು. ಎಲ್ಲರೂ ನಕ್ಕರು. ಯಾಕೆಂದು ತಿಳಿಯದೆ ನೀನೂ ನಕ್ಕೆ.

ನನಗೆ ಮೈಯೆಲ್ಲ ಉರಿಯಿತು. ತಪ್ಪು ಸ್ವರ ಕಿವಿಗೆ ಬಿದ್ದರೆ ಅವತ್ತು ಊಟ ಸೇರುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನು. ನಿನ್ನ ಮೇಲೆ ಸಿಟ್ಟು ಬಂತು ಕರುಣಾ. ಎಂಟು ವರ್ಷದ ಮಗುವಿನ ಮೇಲೆ.

ಅದೇ ವಾರ ನಿನಗೆ ನೆಗಡಿ, ಕೆಮ್ಮು. ಡಾಕ್ಟರು ಟಾರ್ಚು ಬಿಟ್ಟು ಬಾಯೊಳಗೆ ನೋಡಿ, "ಒಂದೆರಡು ದಿನ ಕಿರುಚಾಡಬೇಡ ಪುಟ್ಟಿ" ಅಂದರು. ಅವರು ಹೇಳಿದ್ದು ಅಷ್ಟೇ. ವಾಪಸು ಬರುವ ಬಸ್ಸಿನಲ್ಲಿ ನೀನು ಕಿಟಕಿಗೆ ಹಣೆ ಒತ್ತಿಕೊಂಡು ನಿನ್ನ ಚರಣವನ್ನು ಗುನುಗುತ್ತಿದ್ದೆ. ಆಗ ನನ್ನ ಬಾಯಿಂದ ಬಂತು.

"ನಿನ್ ಗಂಟ್ಲು ಒಸಿ ನಾಜೂಕಂತೆ ಕಣವ್ವ. ಹಾಡುದ್ರೆ ಕೆಟ್ಟೋಯ್ತದಂತೆ, ಡಾಕ್ಟ್ರು ಹೇಳವ್ರೆ. ಎಲ್ರ ಜೊತೆ ನಿಂತ್ಕೊ, ಬರೀ ತುಟಿ ಆಡ್ಸು, ಸಾಕು."

"ಎಷ್ಟ್ ದಿನಮ್ಮ?" ಎಂದು ನನ್ನ ಕಡೆ ತಿರುಗಿ ಕೇಳಿದೆ ನೀನು.

ಎರಡು ದಿನ ಅನ್ನಬಹುದಿತ್ತು. ಕ್ರಿಸ್ಮಸ್ ಮುಗಿಯೋ ತನಕ ಅನ್ನಬಹುದಿತ್ತು. "ಇನ್ಮೇಲೆ ಹಂಗೇಯ" ಅಂದೆ.

ನೀನು ಹಠಮಾರಿಯಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನೀನೋ ಹೇಳಿದ ಮಾತು ಮೀರದ ಹುಡುಗಿ. ಶಾಲೆಯಲ್ಲಿ ಕಬಡ್ಡಿಗೆ ಕರೆದರೆ ಉಸಿರು ಬಿಡದೆ ಕೂಗಬೇಕಾಗುತ್ತದೆ ಎಂದು ಹೋಗಲಿಲ್ಲ. ಬೇಸಿಗೆಯಲ್ಲೂ ಬಿಸಿನೀರು ಕುಡಿದೆ. ಟೀಚರಾಗುವ ಆಸೆಯಿಂದ ಬಿ.ಎಡ್. ಅರ್ಜಿ ತಂದವಳು, ಇಡೀ ದಿನ ಮಾತಾಡಿದರೆ ಗಂಟಲು ತಡೆಯುವುದಿಲ್ಲ ಎಂದು ನೀನೇ ತೀರ್ಮಾನಿಸಿ, ಬೊಂಬೆಗಳಿಗೆ ಕಣ್ಣು ಮೂಗು ಬರೆಯುವ ಕೆಲಸಕ್ಕೆ ಸೇರಿದೆ. ಅವತ್ತು ನಾನು ಅಡುಗೆಮನೆಯಲ್ಲಿದ್ದೆ. ನೀನು ಹಾಗೆ ಹೇಳುತ್ತಿದ್ದದ್ದು ಕೇಳಿಸಿತು. ಸೊಪ್ಪು ಸೋಸುತ್ತಾ ಕೂತೆ.

ಮದುವೆಯಾದ ಮೇಲೆ ನಿನ್ನ ಗಂಡ, ಬೆಂಗಳೂರಿನಲ್ಲಿ ಒಂದು ಸಲ ತೋರಿಸೋಣ ಅಂದರು. "ಅದು ಹುಟ್ಟಿನಿಂದ ಬಂದದ್ದು, ಸುಮ್ನೆ ಯಾಕೆ ಓಡಾಟ" ಎಂದು ತಡೆದವಳೂ ನಾನೇ. ಒಂದು ಸುಳ್ಳಿಗೆ ಕಾವಲು ಕೂರಲು ಇನ್ನೊಂದು ಬೇಕಾಗುತ್ತದೆ ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದೇನೆ!

ಇನ್ನು ಪ್ರೀತಿ ಹುಟ್ಟಿದಾಗ... ಇದನ್ನು ಬರೆಯಲು ಕಷ್ಟವಾಗುತ್ತಿದೆ. ಮಗು ರಚ್ಚೆ ಹಿಡಿದರೆ ನೀನು ತೊಟ್ಟಿಲ ಹಗ್ಗ ಹಿಡಿದು, "ಅಮ್ಮ, ನೀನ್ ಬಾ, ನೀನ್ ಹಾಡು" ಎಂದು ಕರೆಯುತ್ತಿದ್ದೆ. ನಾನು ಬಂದು ಜೋಗುಳ ಹಾಡುತ್ತಿದ್ದೆ. ಮಗು ನನ್ನ ದನಿಗೆ ಮಲಗುತ್ತದೆ ಎಂದು ನನಗೆ ಹೆಮ್ಮೆಯೂ ಆಗುತ್ತಿತ್ತು. ನಿನ್ನ ಮಗುವಿಗೆ ನೀನು ಹಾಡಬೇಕಿದ್ದ ಜೋಗುಳವನ್ನು ನಿನ್ನ ಎದುರಿಗೇ ಕದ್ದು ಹಾಡಿ ಹೆಮ್ಮೆಪಟ್ಟೆ.

ನಾನು ನಿವೃತ್ತಳಾದ ಮೇಲೆ ನಾವಿಬ್ಬರೂ ಸೇರಿ ಸಭೆಯ ಮಕ್ಕಳಿಗೆ ಕಥೆ ಬರೆಯಲು ಕೂತೆವಲ್ಲ, ಆ ಮಧ್ಯಾಹ್ನಗಳಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಕಥೆ, ಚಿತ್ರ ನಿನ್ನದು. ಕೊನೆಗೊಂದು ಹಾಡು ನನ್ನದು. ಬೈಬಲಿನ ತಪ್ಪಿಹೋದ ಕುರಿಯನ್ನು ಹೊಂಗನೂರಿನ ಹಿಪ್ಪುನೇರಳೆ ತೋಟಕ್ಕೆ ನುಗ್ಗಿಸಿದೆ ನೀನು. ತೋಟದ ಯಜಮಾನ ದೊಣ್ಣೆ ಹಿಡಿದು ಬಂದರೆ, ಕುರುಬ ತಾನೇ ಅಡ್ಡ ನಿಂತು ಬೈಸಿಕೊಂಡು, ಕುರಿಯನ್ನು ಹೆಗಲ ಮೇಲೆ ಹೊತ್ತು ಹೋಗುತ್ತಾನೆ. ಮಕ್ಕಳು ಅದನ್ನೇ ಮತ್ತೆ ಮತ್ತೆ ಓದಿಸಿದರು. ಅಂಥ ಟೀಚರು ಒಂದು ಶಾಲೆಗೆ ಸಿಗದ ಹಾಗೆ ಮಾಡಿದೆನಲ್ಲ ಎಂದು ಹಿಂದಿನ ಬೆಂಚಿನಲ್ಲಿ ಕೂತು ಅಂದುಕೊಂಡೆ. ಅಂದುಕೊಂಡು, ಕೊನೆಯ ಹಾಡು ಹಾಡಿಸಲು ಎದ್ದು ಹೋದೆ.

ಹೋದ ವಾರ ನೀನು ಹೊಸ ಕಥೆ ತಂದೆ. ಗಂಟಲು ನಾಜೂಕಾದ ಒಬ್ಬ ಹುಡುಗಿ. ಅವಳನ್ನು ಜೋಪಾನ ಮಾಡಿದ ತಾಯಿ. ಆರಾಧನೆಯಲ್ಲಿ ಹುಡುಗಿ ಬರೀ ತುಟಿ ಆಡಿಸುತ್ತಾಳೆ, ದೇವರಿಗೆ ಮಾತ್ರ ಪೂರ್ತಿ ಹಾಡು ಕೇಳಿಸುತ್ತದೆ. ಓದಿ ಮುಗಿಸಿ ನೀನು ನನ್ನ ಕೈ ಹಿಡಿದುಕೊಂಡೆ.

"ಇದು ನಿನ್ ಕಥೆನೇ ಕಣಮ್ಮ. ನೀನು ಅವತ್ತು ತಡದಿದ್ದಕ್ಕೇ ನನ್ ಗಂಟ್ಲು ಇವತ್ಗೂ ಮಾತಾಡಾಂಗೈತೆ. ಕ್ರಿಸ್ಮಸ್ಗೆ ಮಕ್ಕಳ ಮುಂದೆ ಓದ್ಬೇಕು. ಕೊನೆಗೊಂದು ಹಾಡು ಕಟ್ಕೊಡು."

ಕಟ್ಟಿಕೊಡುತ್ತೇನೆ ಅಂದೆ. ಹೊರಡುವಾಗ, ಪ್ರೀತಿಯ ಕುತ್ತಿಗೆಗೆ ಮಫ್ಲರ್ ಸುತ್ತುತ್ತಾ ನೀನು ಇನ್ನೊಂದು ಮಾತು ಅಂದೆ.

"ಇವ್ಳಿಗೂ ನನ್ ಗಂಟ್ಲೇ ಬಂದೈತಮ್ಮ. ಪ್ರಾಕ್ಟೀಸಲ್ಲಿ ಒಂದು ಸ್ವರನೂ ಕೂಡಾಕಿಲ್ಲ. ಈ ಸಲ ತುಟಿ ಆಡ್ಸು ಅಂತ ಹೇಳಿವ್ನಿ."

ಮಗು ನನ್ನ ಕಡೆ ನೋಡಿತು. ನೀನು ಅವತ್ತು ಬಸ್ಸಿನಲ್ಲಿ ನೋಡಿದ ಹಾಗೆಯೇ.

ಶನಿವಾರ ನೀನು ಕೆಲಸಕ್ಕೆ ಹೋದಾಗ ಪ್ರೀತಿ ನನ್ನ ಹತ್ತಿರ ಇದ್ದಳಲ್ಲ. ವಯಸ್ಸಾಗಿ ನನ್ನ ದನಿ ಇಳಿದುಹೋಗಿದೆ, ಹಳೆಯ ಶ್ರುತಿ ಈಗ ಎಟುಕುವುದಿಲ್ಲ. ಹಾಗಾಗಿ ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಎರಡು ಮನೆ ಕೆಳಗೆ ತಗ್ಗಿಸಿ ನನ್ನ ಪಾಡಿಗೆ ನಾನು ಹಾಡಿಕೊಳ್ಳುತ್ತಿದ್ದೆ. ಪಡಸಾಲೆಯಲ್ಲಿ ಆಡುತ್ತಿದ್ದ ಮಗು ಅಲ್ಲಿಂದಲೇ ಜೊತೆಗೆ ಹಾಡಲು ಶುರುಮಾಡಿತು. ನಾನು ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ. ಒಂದು ಸ್ವರವೂ ಆಚೀಚೆ ಆಗಲಿಲ್ಲ ಕರುಣಾ. ಅವಳದು ಇಳಿದನಿ, ತಗ್ಗಿನ ಶ್ರುತಿಯ ದನಿ, ಅಷ್ಟೇ. ಅದಕ್ಕೆ ತಕ್ಕ ಶ್ರುತಿ ಕೊಟ್ಟರೆ ಸಾಕಿತ್ತು.

ನಿನ್ನದೂ ಇಳಿದನಿಯೇ ಇದ್ದಿರಬೇಕು. ಆಗ ನನ್ನ ದನಿ ಎತ್ತರಕ್ಕೆ ಹೋಗುತ್ತಿತ್ತು. ನನಗೆ ಹೊಂದುವ ಶ್ರುತಿ ಹಿಡಿದು ನಿನ್ನನ್ನು ನಿಲ್ಲಿಸಿದೆ, ನಿನಗೆ ಎಟುಕಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರಿಗೂ ಗೊತ್ತಿರುವ ವಿಷಯ ಇದು: ಮಗುವಿನ ದನಿ ಎಲ್ಲಿದೆ ಎಂದು ಮೊದಲು ನೋಡು, ಆಮೇಲೆ ಹಾರ್ಮೋನಿಯಂ ಮುಟ್ಟು. ಊರ ಮಕ್ಕಳಿಗೆಲ್ಲ ಹಾಗೇ ನೋಡಿದೆ. ನನ್ನ ಮಗಳು ನನ್ನ ಹಾಗೇ ಇರಬೇಕು ಎಂದು ನಿನಗೆ ಮಾತ್ರ ನೋಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಲಿಸಲಾರದವಳು ಗಂಟಲು ಡೊಂಕು ಅಂದೆ.

ಇದ್ದಿರಬೇಕು ಅನ್ನುತ್ತಿದ್ದೇನೆ, ಖಚಿತವಾಗಿ ಗೊತ್ತಿಲ್ಲ. ನಿನಗೆ ಶ್ರುತಿಯೇ ಇರಲಿಲ್ಲ ಅಂತಲೇ ಇಟ್ಟುಕೊ. ಆಗಲೂ ನಾನು ಮಾಡಿದ್ದರ ತಪ್ಪು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಬೇಸುರಾಗಿ ಹಾಡಿದರೆ ಯಾರ ಮನೆ ಮುಳುಗುತ್ತಿತ್ತು? ನನ್ನ ಜಂಬ ಮುಳುಗುತ್ತಿತ್ತು, ಅಷ್ಟೇ.

ದೇವರ ಮುಂದೆ ಇದನ್ನು ಎಷ್ಟೋ ಸಲ ಹೇಳಿ ಅತ್ತಿದ್ದೇನೆ. ಅದು ಸುಲಭ, ದೇವರು ತಿರುಗಿ ಕೇಳುವುದಿಲ್ಲ. ನೀನು ಕೇಳುತ್ತೀಯ. ಕೇಳಬೇಕು.

ನಾಳೆ ಮಧ್ಯಾಹ್ನ ಕಥೆ ತಿದ್ದಲು ನೀನು ಬರುತ್ತೀಯ. ಇದನ್ನು ನಿನ್ನ ಕೈಗೆ ಕೊಟ್ಟು ಒಳಗೆ ಹೋಗಿ ಕೂರುವುದಿಲ್ಲ. ನಿನ್ನ ಎದುರು ಕೂತು ನಾನೇ ಓದುತ್ತೇನೆ. ನೀನು ಎದ್ದು ಹೋದರೆ ತಡೆಯುವುದಿಲ್ಲ. ಪ್ರೀತಿಯನ್ನು ಮಾತ್ರ ಹಾಡಲು ಬಿಡು. ಅಭ್ಯಾಸಕ್ಕೆ ನಾನು ಬರುವುದು ಬೇಡ ಅಂದರೆ ಬರುವುದಿಲ್ಲ. ಶ್ರುತಿಯನ್ನು ಎರಡು ಮನೆ ಕೆಳಗಿಡಲು ಸಂಡೇ ಸ್ಕೂಲಿನ ಟೀಚರಿಗೆ ಹೇಳಿಬಿಡು.

ಕಥೆಯ ಕೊನೆಗೆ ಹಾಡು ಕಟ್ಟಿಲ್ಲ. ಆ ತಾಯಿ ಜೋಪಾನ ಮಾಡಿದಳು ಎಂದು ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ಹುಡುಗಿಗೆ ಹಾಡುವ ಆಸೆ ಇತ್ತು, ತಾಯಿಗೆ ನಾಚಿಕೆಯಾಯಿತು ಎಂದು ಬರಿ.