ಪರದೆಗೂ ಮೊದಲ ಸಾಲಿಗೂ ನಡುವೆ

ಹೊಸ ಸಿನಿಮಾ ಬರುವ ಹಿಂದಿನ ದಿನ ನಮ್ಮ ಮ್ಯಾನೇಜರು ಗಾಂಧಿ ಕ್ಲಾಸಿನ ಮೊದಲ ಸಾಲಿನಲ್ಲಿ ಕೂತು, ಗದ್ದದ ಕೆಳಗೆ ಮುಷ್ಟಿ ಇಟ್ಟುಕೊಂಡು ಪರದೆ ನೋಡುತ್ತಿದ್ದರು. ಗದ್ದ ಮುಷ್ಟಿಯನ್ನು ಬಿಟ್ಟು ಮೇಲೆದ್ದರೆ ಮುಖ ಸಿಂಡರಿಸುತ್ತಿದ್ದರು. ಕುರ್ಚಿ ಪರದೆಗೆ ತೀರಾ ಹತ್ತಿರವಾಯಿತು ಎಂದು ಅದರ ಅರ್ಥ. ನಜರ್‌ಬಾದಿನ ಆ ಚಿತ್ರಮಂದಿರದಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಾಪ ಹಲ್ಲುನೋವಿರಬೇಕು ಎಂದುಕೊಂಡಿದ್ದೆ.

ಅಗ್ಗದ ಟಿಕೆಟ್ಟಿನವರ ಕತ್ತಿನ ಬಗ್ಗೆ ಅವರಿಗಿದ್ದ ಚಿಂತೆ ಬೇರೆ ಯಾರಿಗೂ ಇರಲಿಲ್ಲ. ಆ ಕತ್ತುಗಳ ಒಡೆಯರಿಗೂ ಇರಲಿಲ್ಲ. ಭಾನುವಾರ ಮ್ಯಾನೇಜರು ಚರ್ಚಿನಿಂದ ನೇರ ಬರುತ್ತಿದ್ದರು, ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ. ಆಟ ಬಿಟ್ಟಾಗ ಬಾಗಿಲ ಬಳಿ ನಿಲ್ಲುತ್ತಿದ್ದರು. ಸಿನಿಮಾ ಹೇಗಿತ್ತು ಎಂದು ಯಾರನ್ನೂ ಕೇಳಿದವರಲ್ಲ. ಯಾರು ಕತ್ತು ತಿಕ್ಕಿಕೊಳ್ಳುತ್ತಾರೆ ಎಂದು ನೋಡುತ್ತಿದ್ದರು. “ಮುಂದೆ ಕೂರೋರೂ ಮನುಷ್ಯರೇ ಕಣಮ್ಮ, ಅವ್ರ ಕತ್ತೂ ಮೂಳೇದೇ” ಎನ್ನುವರು.

ಮಾಲೀಕರು ಹಳೆಯ ಪರದೆ ತೆಗೆಸಿ ದೊಡ್ಡದು ಹಾಕಿಸಿದಾಗ, ಮುಂದಿನ ಎರಡು ಸಾಲು ಕೀಳಿಸಬೇಕೆಂದು ಇವರು ಹಟ ಹಿಡಿದರು. ಮೊದಲು ತುಂಬುವುದೇ ಆ ಸಾಲುಗಳು ಎಂದು ಮಾಲೀಕರು ರೇಗಿದರು. “ಹಾಗಾದ್ರೆ ಬೇರೆ ಮ್ಯಾನೇಜರ್‌ನ ನೋಡ್ಕೊಳ್ಳಿ ಸಾರ್” ಎಂದು ಇವರು ಬೀಗದಕೈ ಮೇಜಿನ ಮೇಲಿಟ್ಟರು. ಸಾಲುಗಳು ಹೋದವು.

ಅವುಗಳ ಜೊತೆ ನನ್ನಪ್ಪನೂ ಹೋದ. ಅಪ್ಪ ಮೊದಲ ಸಾಲಿನ ಕಾಯಂ ಗಿರಾಕಿ. ಹಿನಕಲ್ಲಿನ ನಮ್ಮ ಹೊಲ ಬಡಾವಣೆಯಾದ ಮೇಲೂ ಎರಡು ಎಮ್ಮೆ ಇಟ್ಟುಕೊಂಡಿದ್ದವನು, ಹಾಲು ಹಾಕಿ ಬಂದು ಬಸ್ಸು ಹಿಡಿದು ಮ್ಯಾಟಿನಿಗೆ ಬರುತ್ತಿದ್ದ. ಈಗ ಬರುವುದನ್ನೇ ಬಿಟ್ಟ. ಕೇಳಿದರೆ, “ಈಗಿನ ಸಿನಿಮಾದಾಗೆ ಏನೈತೆ ಬುಡು” ಎಂದ. ನಾನು ನಂಬಿದೆ.

ಮ್ಯಾನೇಜರು ನಂಬಲಿಲ್ಲ. ಒಂದು ಮಧ್ಯಾಹ್ನ ಮನೆಗೇ ಬಂದರು. ಅಪ್ಪ ಜಗಲಿಯ ಮೇಲಿದ್ದ. ಇವರು ಎದುರಿಗೆ ನಿಂತು ನಕ್ಕರೆ, ಅಪ್ಪ ಅವರ ಕಡೆಗೇ ಮುಖ ಮಾಡಿ “ಯಾರು?” ಎಂದ.

“ನಾನು, ಟಾಕೀಸ್ ಮ್ಯಾನೇಜರು. ಯಾಕೆ ಬರ್ತಾ ಇಲ್ಲ ನೀವು?”

ಅಪ್ಪ ದನಿ ತಗ್ಗಿಸಿದ. “ಇಂದೆ ಕೂತ್ರೆ ಮುಖ ಕಾಣಲ್ಲ ಸಾರ್. ಬರೀ ಬೆಳಕು ಓಡಾಡ್ದಂಗಾಯ್ತದೆ. ಮುಂದ್ಗಡೆ ಎಂಗೋ ಗೊತ್ತಾಯ್ತಿತ್ತು. ಮಗೀಗೆ ಮಾತ್ರ ಯೋಳ್ಬೇಡಿ.”

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅದು ಅವನಿಗೆ ಕಂಡಿರಲಿಲ್ಲ. ಹಾಲು ಕರೆಯಲು ಬೆರಳು ಸಾಕು, ಹಾಲು ಹಾಕುವ ಮನೆಗಳ ದಾರಿ ಕಾಲಿಗೆ ಗೊತ್ತು. ಹೀಗಾಗಿ ಮನೆಯಲ್ಲಿ ಯಾರಿಗೂ ಅನುಮಾನವೇ ಬಂದಿರಲಿಲ್ಲ.

ಮಾರನೆಯ ದಿನ ಮ್ಯಾನೇಜರೇ ನಮ್ಮನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ದಿನವೂ ಕಣ್ಣಿಗೆ ಔಷಧಿ ಹಾಕಿದರೆ ಉಳಿದದ್ದನ್ನು ಕಾಪಾಡಬಹುದು ಎಂದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಮ್ಯಾನೇಜರು ತಲೆ ತಗ್ಗಿಸಿ ಕೂತಿದ್ದರು.

“ಎಲ್ಲರ ಕತ್ತು ನೋಡ್ದೆ ಕಣಮ್ಮ. ಕಣ್ಣು ಮಂಜಾದೋರು ಅಲ್ಲಿ ಬಂದು ಕೂತಿರ್ತಾರೆ ಅಂತ ಹೊಳೀಲೇ ಇಲ್ಲ.”

ನೀವು ಸಾಲು ಕೀಳಿಸದಿದ್ದರೆ ಅಪ್ಪ ಆ ಕುರ್ಚಿಯಲ್ಲೇ ಕೂತು ಪೂರ್ತಿ ಕುರುಡನಾಗುತ್ತಿದ್ದ, ಆಮೇಲೆ ನಮಗೆ ತಿಳಿಯುತ್ತಿತ್ತು ಎಂದೆ. “ಅದು ಬೇರೆ, ಇದು ಬೇರೆ” ಎಂದರು. ಆ ವಾರದಿಂದ ಮ್ಯಾಟಿನಿಗೆ ತಮ್ಮ ಕೋಣೆಯ ಕುರ್ಚಿಯನ್ನು ತಾವೇ ಹೊತ್ತು ತಂದು, ಖಾಲಿ ಮಾಡಿಸಿದ್ದ ಜಾಗದಲ್ಲಿ ಅಪ್ಪನಿಗೆ ಹಾಕಿಕೊಟ್ಟರು. ಮಾಲೀಕರು ಹಂಗಿಸಿದರೆ, “ಒಂದು ಕುರ್ಚಿ ಹಾಕಿದ್ರೆ ಸಾಲು ಆಗಲ್ಲ ಸಾರ್” ಎನ್ನುವರು, ನಗದೆ.

ಚಿತ್ರಮಂದಿರ ಈಗ ಮುಚ್ಚಿದೆ. ಅಪ್ಪನ ಕಣ್ಣಿನಲ್ಲಿ ಉಳಿದಿರುವಷ್ಟು ಬೆಳಕು ಆ ಮನುಷ್ಯನ ಋಣ; ಬದುಕಿದ್ದಾಗ ಹಾಗೆಂದರೆ ಅವರು ಒಪ್ಪುತ್ತಿರಲಿಲ್ಲ. ಹೋದ ವರ್ಷ ಅವರು ತೀರಿಕೊಂಡಾಗ ಅಪ್ಪ ತಾನೂ ಬರುತ್ತೇನೆಂದ. ಚರ್ಚಿನಲ್ಲಿ ಜನ ಸಾಲಾಗಿ ಬಂದು, ಪೆಟ್ಟಿಗೆಯ ಮುಂದೆ ಕೈಮುಗಿದು ಸರಿದು ಹೋಗುತ್ತಿದ್ದರು. ನಮ್ಮ ಸರದಿ ಬಂದಾಗ ಅಪ್ಪ ನನ್ನ ಕೈ ಬಿಟ್ಟು ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿದ. ಮೂಗಿಗೆ ಮೂಗು ತಾಗುವಷ್ಟು ಬಗ್ಗಿದ. ಹಿಂದಿನವರು ನಿಂತೇ ಇದ್ದರು. ಸಂಬಂಧಿಕರೊಬ್ಬರು ಬಂದು ಮೆಲ್ಲಗೆ ಅವನ ಭುಜ ಮುಟ್ಟಿದರು.

ಅಪ್ಪ ತಲೆ ಎತ್ತಲಿಲ್ಲ. “ಒಸಿ ಇರಿ ಸಾಮಿ” ಎಂದ, “ಈಗ ಕಾಣ್ತಾವ್ರೆ.”